ದಿಮ್ಮಿ ಮನೆಯಲ್ಲಿ ಕಿಟಕಿಯ ಮೇಲೆ ಸಂದು ಯಾಕೆ ಬಿಡುತ್ತಾರೆ?

ಗೋಡೆ ಕೆಳಗಿಳಿಯುತ್ತದೆ, ಅದಕ್ಕೆ. ಫಿನ್ಲೆಂಡ್, ನಾರ್ವೆ ಕಡೆ ಪೈನ್ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಗಳಲ್ಲಿ ಕಚ್ಚು ಕೊರೆದು ಒಂದಕ್ಕೊಂದು ಕೂರಿಸುತ್ತಾರೆ. ಮರ ಒಣಗಿದಾಗ ದಪ್ಪ ಕಡಿಮೆಯಾಗುತ್ತದೆ, ಉದ್ದ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಒಂದೊಂದು ದಿಮ್ಮಿ ಕುಗ್ಗುವುದು ಸ್ವಲ್ಪವೇ. ಆದರೆ ಎಲ್ಲ ಸೇರಿದರೆ, ಹಸಿ ಮರದಲ್ಲಿ ಕಟ್ಟಿದ 2.5 ಮೀಟರ್ ಎತ್ತರದ ಗೋಡೆ ಕೆಲವು ವರ್ಷಗಳಲ್ಲಿ 10 ಸೆಂಟಿಮೀಟರ್‌ನಷ್ಟು ತಗ್ಗಬಹುದು. ಮೇಲೆ ಸಂದು ಇಲ್ಲದಿದ್ದರೆ ಆ ಭಾರವೆಲ್ಲ ಕಿಟಕಿಯ ಚೌಕಟ್ಟಿನ ಮೇಲೆ ಬೀಳುತ್ತದೆ. ಬಾಗಿಲಂತೂ ಸಿಕ್ಕಿಹಾಕಿಕೊಂಡು ತೆಗೆಯಲೇ ಬರುವುದಿಲ್ಲ. ಸಂದಿನಲ್ಲಿ ಒತ್ತಿದರೆ ಕುಗ್ಗುವ ನಾರು ತುಂಬಿ, ಹೊರಗೆ ಹಲಗೆ ಮುಚ್ಚುತ್ತಾರೆ.

ಗೋಡೆ ಹೀಗೆ ಇಳಿಯುವುದು ಕಟ್ಟಿದವರ ತಪ್ಪಲ್ಲ. ಹಿಂದೆ ದಿಮ್ಮಿಗಳ ನಡುವೆ ಪಾಚಿ ತುಂಬುತ್ತಿದ್ದರು. ಗೋಡೆ ಕೂತಷ್ಟೂ ಅದು ಬಿಗಿಯಾಗುತ್ತದೆ, ಚಳಿಗಾಳಿ ಒಳಗೆ ನುಗ್ಗುವುದಿಲ್ಲ. ನನಗೆ ತುಂಬ ಇಷ್ಟವಾಗುವ ಜಾಣತನ ಇದು.

ಹೊಸ ಮನೆಯಲ್ಲಿ ರಾತ್ರಿ 'ಟಕ್' ಎಂದು ಮರ ಬಿರಿಯುವ ಸದ್ದು ಬಂದರೆ ಹೆದರಬೇಡಿ, ಒಣಗುವ ಮರದಲ್ಲಿ ಅದು ಸಹಜ. ಜಗಲಿಯ ಕಂಬಗಳನ್ನು ಮಾತ್ರ ಗಮನಿಸುತ್ತಿರಬೇಕು. ಗೋಡೆ ಇಳಿದರೂ ನೆಟ್ಟಗೆ ನಿಂತ ಕಂಬದ ಉದ್ದ ಕುಗ್ಗುವುದಿಲ್ಲ ಅಲ್ವಾ? ಈಗ ಅವಕ್ಕೆ ತಿರುಪಿನ ಜ್ಯಾಕ್ ಇಟ್ಟು, ಗೋಡೆ ಇಳಿದಂತೆ ತಿರುಗಿಸಿ ತಗ್ಗಿಸುತ್ತಾರೆ.