ಮಾತ್ರೆ ಹೇಗೆ ತಗೋಬೇಕು ಅಂತ ಬಿಡಿಸಿ ಹೇಳಿದರೂ ರೋಗಿಗಳು ತಪ್ಪು ಮಾಡುತ್ತಾರೆ, ಏನು ಮಾಡಲಿ?

ಉಪಕೇಂದ್ರಕ್ಕೆ ಹೊಸದಾಗಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬಂದಿದ್ದೀರಿ. ಬಿಪಿ, ಶುಗರ್ ಮಾತ್ರೆ ಕೊಡುವಾಗ ಕನ್ನಡದಲ್ಲೇ ವಿವರಿಸುತ್ತೀರಿ, ಎದುರಿಗಿದ್ದವರು ತಲೆಯಾಡಿಸಿ ಹೋಗುತ್ತಾರೆ, ಮುಂದಿನ ತಿಂಗಳು ನೋಡಿದರೆ ಒಂದು ಮಾತ್ರೆ ಖಾಲಿ, ಇನ್ನೊಂದು ಹಾಗೇ ಉಳಿದಿದೆ ಎಂದು ಬರೆದಿದ್ದೀರಿ. ಇದನ್ನು ಅವರ ಓದುಬರಹದ ತಲೆಗೆ ಕಟ್ಟಬೇಡಿ. ಬಹಳ ಸಲ ನಾವು ಆಡುವ ಮಾತಿನಲ್ಲೇ ಎರಡರ್ಥ ಇರುತ್ತದೆ.

'ಊಟಕ್ಕೆ ಮುಂಚೆ ಒಂದು' ಎಂಬುದನ್ನೇ ನೋಡಿ. ನಮ್ಮ ಕಡೆ ಬೆಳಿಗ್ಗೆ ತಿನ್ನುವುದು ತಿಂಡಿ; ಊಟ ಅಂದರೆ ಮಧ್ಯಾಹ್ನದ್ದು. ಬೆಳಿಗ್ಗೆ ಹೊಟ್ಟೆಗೆ ಹೋಗಬೇಕಿದ್ದ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಹೀಗೆ ಮಧ್ಯಾಹ್ನ ಒಂದೂವರೆಗೆ ಹೋಗುತ್ತದೆ. ರೋಗಿ ನೀವು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಾರೆ! 'ಖಾಲಿ ಹೊಟ್ಟೆ'ಯದ್ದೂ ಇದೇ ಕಥೆ. ಕಾಫಿ, ಟೀ ಕುಡಿದರೂ ಹೊಟ್ಟೆ ಖಾಲಿಯೇ ಎಂದು ಎಷ್ಟೋ ಜನರ ಲೆಕ್ಕ. ಥೈರಾಯ್ಡ್ ಮಾತ್ರೆಗೆ ಆ ಲೆಕ್ಕ ನಡೆಯುವುದಿಲ್ಲ, ಕಾಫಿ ಜೊತೆ ಹೋದರೆ ಅದು ಮೈಗೆ ಸರಿಯಾಗಿ ಹಿಡಿಯುವುದಿಲ್ಲ. 'ಎದ್ದ ತಕ್ಷಣ ಬರೀ ನೀರಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿನೂ ಬೇಡ, ತಿಂಡಿನೂ ಬೇಡ' ಎಂದೇ ಹೇಳಬೇಕು. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯೂ ಇದ್ದರೆ ಇದಕ್ಕೂ ಅದಕ್ಕೂ ನಾಲ್ಕು ಗಂಟೆ ಅಂತರ.

ಅದಕ್ಕೇ ಹೇಳುವ ಮೊದಲು ಕೇಳಿ: 'ಬೆಳಿಗ್ಗೆ ಎದ್ದಮೇಲೆ ಏನೇನು ಬಾಯಿಗೆ ಹಾಕ್ಕೋತೀರಿ, ಎಷ್ಟು ಹೊತ್ತಿಗೆ?' ಕೂಲಿಗೆ ಹೋಗುವವರು ಹತ್ತು ಗಂಟೆಗೆ ಹೊಲದಲ್ಲಿ ಬುತ್ತಿ ಬಿಚ್ಚುತ್ತಾರೆ ಅಂದರೆ ಶುಗರ್ ಮಾತ್ರೆಯೂ ಬುತ್ತಿಯ ಜೊತೆ ಹೋಗಬೇಕು. ಊಟ ತಪ್ಪಿದ ದಿನ ಗ್ಲಿಮೆಪಿರೈಡ್ ನುಂಗಬಾರದು ಎಂಬುದನ್ನೂ ಆಗಲೇ ಸೇರಿಸಿ. ಏಕಾದಶಿ, ಶನಿವಾರ, ರಂಜಾನ್ ಉಪವಾಸ ಮಾಡುತ್ತೀರಾ ಅಂತ ಕೇಳದೆ ಈ ಮಾತ್ರೆ ಕೊಡಬೇಡಿ. ಶುಗರ್ ಇಳಿದರೆ ಏನಾಗುತ್ತದೆ ಎಂಬುದಕ್ಕೆ 'ಹೈಪೋ' ಎಂಬ ಪದ ಬೇಡ: 'ಕೈ ನಡುಗುತ್ತೆ, ತಣ್ಣಗೆ ಬೆವರುತ್ತೆ, ತಲೆ ಸುತ್ತಿ ವಿಪರೀತ ಹಸಿವಾಗುತ್ತೆ. ಆಗ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡೀರಿ. ಕಾಲು ಗಂಟೆಯಲ್ಲಿ ಕಮ್ಮಿ ಆಗದಿದ್ರೆ ಇನ್ನೊಂದು ಸಲ. ಸರಿಹೋದ ಮೇಲೆ ಏನಾದರೂ ತಿನ್ನಿ.' ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು ಎಂಬುದನ್ನು ಮನೆಯವರಿಗೆ ಬೇರೆಯಾಗಿ ಹೇಳಿ.

ಕರಪತ್ರಗಳಲ್ಲಿ 'ಅಧಿಕ ರಕ್ತದೊತ್ತಡ', 'ಮಧುಮೇಹ' ಎಂದು ಅಚ್ಚಾಗಿರುತ್ತದೆ. ಜನ ಆಡುವುದು ಬಿಪಿ, ಶುಗರ್. ಶುದ್ಧ ಕನ್ನಡವೆಲ್ಲ ಸ್ಪಷ್ಟ ಕನ್ನಡವಲ್ಲ, ಅವರ ಪದವನ್ನೇ ಹಿಡಿಯಿರಿ. ಉತ್ತರ ಕರ್ನಾಟಕದಲ್ಲಿದ್ದರೆ ಗುಳಿಗೆ, ನಾಷ್ಟಾ ಅನ್ನಿ. ಆದರೆ 'ನಾರ್ಮಲ್' ಎಂಬ ಪದದ ಬಗ್ಗೆ ಹುಷಾರು. 'ಬಿಪಿ ನಾರ್ಮಲ್ ಆಗಿದೆ' ಎಂದರೆ ಕಿವಿಗೆ ಬೀಳುವುದು 'ಕಾಯಿಲೆ ವಾಸಿಯಾಯಿತು' ಎಂದು, ಮಾತ್ರೆ ನಿಲ್ಲುವುದೇ ಅಲ್ಲಿ. 'ಮಾತ್ರೆ ತಗೋತಿರೋದ್ರಿಂದ ಇವತ್ತು 130/80 ಇದೆ, ಬಿಟ್ಟರೆ ಮತ್ತೆ ಏರುತ್ತೆ' ಎಂದು ಒಂದೇ ಉಸಿರಿನಲ್ಲಿ ಹೇಳಿ. ಇನ್ನೊಂದು ಗೊಂದಲ 'ಪವರ್'ದು. ಶುಗರ್‌ನ ಮೆಟ್‌ಫಾರ್ಮಿನ್ 500, ಬಿಪಿಯ ಅಮ್ಲೋಡಿಪಿನ್ 5. ದೊಡ್ಡ ನಂಬರ್ ನೋಡಿ ಇದು ಜಾಸ್ತಿ ಪವರ್ ಎಂದು ಮೆಟ್‌ಫಾರ್ಮಿನ್ ಬಿಡುವವರಿದ್ದಾರೆ, 5 ತಾನೇ ಎಂದು ಇನ್ನೊಂದನ್ನು ಸದರ ಮಾಡುವವರೂ ಇದ್ದಾರೆ. ಎರಡು ಬೇರೆ ಔಷಧಿಗಳ ನಂಬರ್ ಹೋಲಿಸುವಂತಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕು.

'ಉಪ್ಪು ಕಮ್ಮಿ ಮಾಡಿ' ಎನ್ನುವುದು ನನ್ನ ಪ್ರಕಾರ ಸಲಹೆಯೇ ಅಲ್ಲ, ಯಾರ ಮನೆಯ ಕಮ್ಮಿ? ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಬ್ಬ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಅದನ್ನು ಅಳೆದು ಅಡುಗೆ ಮಾಡುವವರು ಯಾರೂ ಇಲ್ಲ. ಪೊಟ್ಟಣದ ಲೆಕ್ಕ ಕೊಡಿ: ನಾಲ್ಕು ಜನ ದೊಡ್ಡವರ ಮನೆಗೆ ದಿನಕ್ಕೆ 20 ಗ್ರಾಂ, ಒಂದು ಕೆಜಿ ಉಪ್ಪು ಕಡೇಪಕ್ಷ 50 ದಿನ ಬರಬೇಕು. 'ನಿಮ್ಮನೇಲಿ ಒಂದು ಪ್ಯಾಕೆಟ್ ಎಷ್ಟು ದಿನ ಬರುತ್ತೆ?' ಎಂದು ಅಡುಗೆ ಮಾಡುವವರನ್ನೇ ಕೇಳಿ. 'ಇಪ್ಪತ್ತೈದು ದಿನ' ಎಂಬ ಉತ್ತರ ಬಂದರೆ ಪಾಠ ಅಲ್ಲೇ ಮುಗಿಯಿತು. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸು ಈ ಲೆಕ್ಕದ ಹೊರಗೆ ಬರುವ ಉಪ್ಪು ಎಂಬುದನ್ನೂ ನೆನಪಿಸಿ.

ಈಗ ಮುಖ್ಯ ವಿಷಯ. 'ಅರ್ಥ ಆಯ್ತಾ?' ಎಂದು ಕೇಳುವುದನ್ನು ಬಿಡಿ. ಅದಕ್ಕೆ 'ಹೂಂ' ಬಿಟ್ಟು ಬೇರೆ ಉತ್ತರವಿಲ್ಲ. ಹಿಂದೆ ಸಾಲು ನಿಂತಿರುವಾಗ ಇಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ರೋಗಿಯ ಬಾಯಿಂದಲೇ ವಾಪಸ್ ಹೇಳಿಸಬೇಕು, ಪರೀಕ್ಷೆಯ ವಾಸನೆ ಬರದ ಹಾಗೆ. ಹೀಗೆ: 'ಅಜ್ಜಿ, ನಾನು ಗಡಿಬಿಡೀಲಿ ಸರಿಯಾಗಿ ಹೇಳಿದ್ನೋ ಇಲ್ವೋ. ಮನೆಗೆ ಹೋದ್ಮೇಲೆ ಸೊಸೆ ಕೇಳಿದ್ರೆ ಈ ಮಾತ್ರೆ ಬಗ್ಗೆ ಏನು ಹೇಳ್ತೀರಿ?' ಅಜ್ಜಿ 'ಬೆಳಿಗ್ಗೆ ಒಂದು, ರಾತ್ರಿ ಒಂದು, ಉಂಡ ಮೇಲೆ' ಎಂದರೆ ಮುಂದೆ ಹೋಗಿ. 'ತಲೆ ಸುತ್ತಿದಾಗ ತಗೋತೀನಿ' ಎಂದರೆ ಮೊದಲು ಹೇಳಿದ್ದನ್ನೇ ಜೋರಾಗಿ ಹೇಳಬೇಡಿ, ಮಾತು ಬದಲಿಸಿ: 'ತಲೆ ಸುತ್ತಲಿ ಬಿಡಲಿ, ದಿನಾ ತಗೋಬೇಕು.' ಮತ್ತೆ ಹೇಳಿಸಿ. ಎಲ್ಲ ಮಾತ್ರೆಗೂ ಇದನ್ನು ಮಾಡಲು ಹೋದರೆ ಇಬ್ಬರಿಗೂ ಸಾಕಾಗುತ್ತದೆ, ಹೊಸದಾಗಿ ಶುರುವಾದ ಅಥವಾ ಡೋಸ್ ಬದಲಾದ ಒಂದಕ್ಕೆ ಮಾತ್ರ ಮಾಡಿ. ಒಂದು ನಿಮಿಷದ ಕೆಲಸ.

ಓದಲು ಬಾರದವರಿಗೆ ಒಂದು ಮಾತ್ರೆಗೆ ಒಂದು ಕವರ್. ಚಿತ್ರ ಬರೆಯುವುದಾದರೆ ಬರೀ ಸೂರ್ಯ ಸಾಲದು, ಅದು ಬೆಳಿಗ್ಗೆಯೋ ಮಧ್ಯಾಹ್ನವೋ? ಗುಡ್ಡದ ಹಿಂದೆ ಅರ್ಧ ಸೂರ್ಯ ಬೆಳಿಗ್ಗೆಗೆ, ಚಂದ್ರ ರಾತ್ರಿಗೆ. ಬರೆದಾದ ಮೇಲೆ 'ಇದೇನು?' ಎಂದು ಅವರನ್ನೇ ಕೇಳಿ. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ದಿನಾಂಕ ಇರುವ ತುದಿ ಕೊನೆಯವರೆಗೆ ಉಳಿಯಲಿ. ಸರಬರಾಜು ಬದಲಾಗಿ ಮಾತ್ರೆಯ ಬಣ್ಣ, ಆಕಾರ ಬೇರೆಯಾದಾಗ ಹಳೆಯ ಸ್ಟ್ರಿಪ್ ಪಕ್ಕದಲ್ಲಿಟ್ಟು 'ಇದು ಅದೇ ಔಷಧಿ, ಎರಡೂ ತಗೋಬೇಡಿ' ಎಂದು ತೋರಿಸಿ. ನಿಮ್ಮಲ್ಲಿ ಒಂದು, ಮೆಡಿಕಲ್ ಶಾಪಿನಲ್ಲಿ ಒಂದು, ಜನೌಷಧಿಯಲ್ಲಿ ಒಂದು ಹೀಗೆ ಒಂದೇ ಔಷಧಿ ಮೂರು ಹೆಸರಲ್ಲಿ ಮನೆ ಸೇರುತ್ತದೆ. ಪ್ರತಿ ಸಲ ಮನೆಯಲ್ಲಿರುವ ಮಾತ್ರೆಯೆಲ್ಲ ಚೀಲಕ್ಕೆ ಹಾಕಿ ತರಲು ಹೇಳುವುದು ಇದಕ್ಕೇ.

ಇನ್ಸುಲಿನ್ ತಗೊಳ್ಳುವವರಿದ್ದರೆ ಮಾತು ಸಾಲದು, ಕೈಯಲ್ಲಿ ಮಾಡಿಸಿ ನೋಡಬೇಕು. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ವಯಲ್‌ಗೆ (ಇನ್ಸುಲಿನ್ ಸೀಸೆಗೆ) ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು. 40ರ ವಯಲ್‌ನಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಸಿಗುವುದು 8 ಯೂನಿಟ್ ಮಾತ್ರ. ಉಲ್ಟಾ ಆದರೆ, 100ರ ಇನ್ಸುಲಿನ್ ಕೆಂಪು ಸಿರಿಂಜಿನಲ್ಲಿ ಬಂದರೆ, ಅದೇ ಗೆರೆಗೆ 50 ಯೂನಿಟ್ ಹೋಗುತ್ತದೆ, ಜೀವಕ್ಕೇ ಅಪಾಯ. ಖಾಲಿ ಸಿರಿಂಜಿನ ಮುಚ್ಚಳವನ್ನು ವಯಲ್ ಡಬ್ಬಿಗೆ ಟೇಪ್ ಹಚ್ಚಿ ಅಂಟಿಸಿ ಕೊಡಿ, ಅಂಗಡಿಯವರಿಗೆ ಅದನ್ನೇ ತೋರಿಸಲಿ.

ಮಕ್ಕಳ ಔಷಧಿಯಲ್ಲಿ ಎಡವುವುದು ಅಳತೆಯಲ್ಲಿ. ಪ್ಯಾರಾಸಿಟಮಾಲ್ ಡ್ರಾಪ್ಸ್ ಒಂದು ಎಂಎಲ್‌ಗೆ 100 ಮಿಗ್ರಾಂ ಇದ್ದರೆ ಸಿರಪ್ 5 ಎಂಎಲ್‌ಗೆ 120, 125 ಅಥವಾ 250. ಸಿರಪ್ ಎಂದುಕೊಂಡು ಡ್ರಾಪ್ಸ್ ಅನ್ನು 5 ಎಂಎಲ್ ಹಾಕಿದರೆ ದೊಡ್ಡವರ ಒಂದು ಮಾತ್ರೆಯಷ್ಟು ಕೂಸಿನ ಹೊಟ್ಟೆಗೆ. ಮನೆಯ ಚಮಚ ಬೇಡ, ಡ್ರಾಪರ್ ಅಥವಾ ಮುಚ್ಚಳದಲ್ಲಿ ಡೋಸಿನ ಗೆರೆಗೆ ಪೆನ್ನಿನಿಂದ ಗುರುತು ಹಾಕಿ ಕೊಡಿ. ಭೇದಿಗೆ ಕೊಡುವ ಓಆರ್‌ಎಸ್ ಪುಡಿಯ ದೊಡ್ಡ ಪ್ಯಾಕೆಟ್ ಇಡಿಯಾಗಿ ಒಂದು ಲೀಟರ್ ನೀರಿಗೆ, 24 ಗಂಟೆಯಾದ ಮೇಲೆ ಉಳಿದದ್ದು ಚೆಲ್ಲಬೇಕು. ಲೋಟಕ್ಕೊಂದು ಚಮಚ ಹಾಕುವುದಲ್ಲ. 200 ಎಂಎಲ್‌ನ ಚಿಕ್ಕ ಪ್ಯಾಕೆಟ್ಟೂ ಸಿಗುವುದರಿಂದ ಯಾವುದು ಕೊಟ್ಟಿದ್ದೀರಿ ನೋಡಿ ಹೇಳಿ. ಜಿಂಕ್ ಮಾತ್ರೆ ಭೇದಿ ನಿಂತರೂ 14 ದಿನ.

ಗರ್ಭಿಣಿಯರು ಕಬ್ಬಿಣದ ಮಾತ್ರೆ 'ಉಷ್ಣ' ಎಂದರೆ ನಗಬೇಡಿ, ವಾದಕ್ಕೂ ಇಳಿಯಬೇಡಿ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸಬಹುದು ಎಂದು ಮೊದಲೇ ಹೇಳಿದ್ದರೆ ಅರ್ಧ ಭಯ ಕಮ್ಮಿ. ರಾತ್ರಿ ಮಲಗುವಾಗ ತಗೊಳ್ಳಲಿ, ಟೀ ಜೊತೆ ಮಾತ್ರ ಬೇಡ.

ದಿನಕ್ಕೆ ಅರವತ್ತು ಜನ, ಇದಕ್ಕೆಲ್ಲ ಹೊತ್ತೆಲ್ಲಿ ಎಂದೂ ಕೇಳಿದ್ದೀರಿ. ಹೊಸ ಮಾತ್ರೆ, ಬದಲಾದ ಡೋಸ್, ಇನ್ಸುಲಿನ್, ಮಗು: ಈ ನಾಲ್ಕಕ್ಕೆ ನಿಮಿಷ ಖರ್ಚು ಮಾಡಿ. ಉಳಿದವರದ್ದು ಸ್ಟ್ರಿಪ್ ಎಣಿಸಿದರೆ ಸಾಕು. 60 ಕೊಟ್ಟಿದ್ದರಲ್ಲಿ 22 ಉಳಿದಿದ್ದರೆ 'ಯಾಕೆ ತಗೊಂಡಿಲ್ಲ?' ಎನ್ನಬೇಡಿ, ಮುಂದಿನ ತಿಂಗಳು ಆ 22 ಹಿತ್ತಲಿಗೆ ಬೀಳುತ್ತವೆ. 'ದಿನಾ ನೆನಪಿಟ್ಟುಕೊಳ್ಳೋದು ಕಷ್ಟಾನೇ, ಹೋದ ವಾರ ಎಷ್ಟು ಸಲ ತಪ್ಪಿತು?' ಎಂದು ಕೇಳಿ.