ಮಗಳ ಮೊದಲ ಕಾರಿಗೆ ಹಳೆಯ ಗಾಡಿ ಸಾಕೇ?

ಪ್ರಶ್ನೆ: ನಾವು ಮೂಡಿಗೆರೆ ಸಮೀಪದ ಕಾಫಿ ಬೆಳೆಗಾರರು. ಮಗಳಿಗೆ ಹದಿನೆಂಟು ತುಂಬಿ ಲೈಸೆನ್ಸ್ ಕೈಸೇರಿದೆ. ಹಾಸನದಲ್ಲಿ ಎಂಜಿನಿಯರಿಂಗ್‌ಗೆ ಸೇರಿರುವ ಅವಳು ವಾರಕ್ಕೊಮ್ಮೆ ಬೇಲೂರು ಮಾರ್ಗವಾಗಿ ಮನೆಗೆ ಬಂದುಹೋಗಲು ಒಂದು ಕಾರು ಬೇಕಾಗಿದೆ. ಮನೆಯಲ್ಲಿ 2009ರ ಸಣ್ಣ ಕಾರೊಂದಿದ್ದು, ಹೊಸಬರಿಗೆ ಅದೇ ಸಾಕು, ಅಲ್ಲಿ ಇಲ್ಲಿ ಉಜ್ಜಿದರೂ ಚಿಂತೆಯಿಲ್ಲ ಎಂಬುದು ನಮ್ಮ ಯಜಮಾನರ ಮಾತು. ಎತ್ತರದ ದೊಡ್ಡ ಗಾಡಿಯೇ ಸುರಕ್ಷಿತ ಎಂಬುದು ನನ್ನ ತಮ್ಮನ ವಾದ. ಆರು ಲಕ್ಷದವರೆಗೆ ಹೊಂದಿಸಬಲ್ಲೆವು. ಯಾವುದು ಸರಿ?

ಉತ್ತರ: ನಿಮ್ಮ ಯಜಮಾನರ ಮಾತು ಮಲೆನಾಡಿನ ಬಹುತೇಕ ಮನೆಗಳಲ್ಲಿ ಕೇಳಿಬರುವಂಥದ್ದೇ. ಬಂಪರ್ ಉಳಿಸುವ ದೃಷ್ಟಿಯಿಂದ ಅದು ಸರಿಯೂ ಹೌದು. ಆದರೆ ಅದನ್ನು ಒಪ್ಪಿಕೊಂಡರೆ, ಇಪ್ಪತ್ತು ವರ್ಷ ಗಾಡಿ ಓಡಿಸಿದ ಯಜಮಾನರು ಹೊಸ ಕಾರಿನಲ್ಲಿ ಕುಳಿತು, ಅಪಘಾತಕ್ಕೆ ಸಿಲುಕುವ ಸಾಧ್ಯತೆ ಮನೆಯವರೆಲ್ಲರಿಗಿಂತ ಹೆಚ್ಚಾಗಿರುವ ಮಗಳು ಮನೆಯ ಅತ್ಯಂತ ದುರ್ಬಲ ಗಾಡಿಯಲ್ಲಿ ಕೂರುವಂತಾಗುತ್ತದೆ. ಉಜ್ಜಿದ ಗೀರಿಗೆ ಬಣ್ಣ ಹಚ್ಚಿಸಬಹುದು. ಆ ಕಾರಣಕ್ಕೆ ಕಾರನ್ನು ಆರಿಸಬೇಡಿ.

ನಮ್ಮ ದೇಶದಲ್ಲಿ ಕಾರಿನ ಸುರಕ್ಷತೆಯ ನಿಯಮಗಳು ಬಿಗಿಯಾದದ್ದು ತೀರ ಇತ್ತೀಚೆಗೆ. ಮುಂಭಾಗದ ಮತ್ತು ಪಕ್ಕದ ಡಿಕ್ಕಿ ಪರೀಕ್ಷೆಗಳು ಹೊಸ ಮಾದರಿಗಳಿಗೆ 2017ರ ಅಕ್ಟೋಬರ್‌ನಿಂದಲೂ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಅಕ್ಟೋಬರ್‌ನಿಂದಲೂ ಕಡ್ಡಾಯವಾದವು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಎಲ್ಲ ಕಾರುಗಳಿಗೂ ಬಂದದ್ದು 2019ರ ಏಪ್ರಿಲ್‌ನಲ್ಲಿ. ಚಾಲಕರ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಸದ್ದು ಮತ್ತು ವೇಗದ ಎಚ್ಚರಿಕೆ ಬಂದದ್ದು ಅದೇ ವರ್ಷದ ಜುಲೈನಲ್ಲಿ. ಮುಂದಿನ ಎಡಗಡೆಯ ಸೀಟಿಗೂ ಏರ್‌ಬ್ಯಾಗ್ ಎಲ್ಲ ಕಾರುಗಳಲ್ಲಿ ಬಂದದ್ದು 2022ರ ಆರಂಭದಿಂದ. ಹೀಗಾಗಿ ಸೆಕೆಂಡ್ ಹ್ಯಾಂಡ್ ಕಾರು ನೋಡುವವರು 2020ಕ್ಕಿಂತ ಹಿಂದೆ ತಯಾರಾದದ್ದನ್ನು ಮುಟ್ಟದಿರುವುದು, ಸಾಧ್ಯವಾದರೆ 2022ರ ನಂತರದ್ದನ್ನೇ ಹುಡುಕುವುದು ಒಳಿತು. ನಿಮ್ಮ 2009ರ ಕಾರನ್ನು ಪೇಟೆಗೆ ಹೋಗಿ ಸಾಮಾನು ತರಲು ಇಟ್ಟುಕೊಳ್ಳಿ.

ಇನ್ನು ನಕ್ಷತ್ರಗಳ ಲೆಕ್ಕ. ಭಾರತದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಕಾರೊಂದು, ಡಿಕ್ಕಿ ಹೊಡೆಸಿ ಸುರಕ್ಷತೆಗೆ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ಮೊದಲ ಬಾರಿಗೆ ಐದು ನಕ್ಷತ್ರ ಪಡೆದದ್ದು 2018ರ ಡಿಸೆಂಬರ್‌ನಲ್ಲಿ. ಅದು ಟಾಟಾ ನೆಕ್ಸಾನ್. ಅನಂತರ ಆಲ್ಟ್ರೋಜ್, ಮಹೀಂದ್ರ ಎಕ್ಸ್‌ಯುವಿ 300, ಪಂಚ್ ಮುಂತಾದವು ಆ ಸಾಲಿಗೆ ಸೇರಿದವು. 2023ರ ಅಕ್ಟೋಬರ್‌ನಿಂದ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಕೂಡ ಜಾರಿಯಲ್ಲಿದೆ. ಆದರೆ ಬೇರೆ ಬೇರೆ ವರ್ಷಗಳ ನಕ್ಷತ್ರಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ತನ್ನ ನಿಯಮಗಳನ್ನು ಬಿಗಿಗೊಳಿಸಿ, ಪಕ್ಕದ ಡಿಕ್ಕಿ, ಪಾದಚಾರಿಗಳ ರಕ್ಷಣೆ ಮತ್ತು ಕಾರು ಜಾರಿ ಹಿಡಿತ ತಪ್ಪದಂತೆ ನೋಡಿಕೊಳ್ಳುವ ಇಎಸ್‌ಸಿ ವ್ಯವಸ್ಥೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. 2018ರಲ್ಲಿ ಎರಡು ನಕ್ಷತ್ರ ಪಡೆದಿದ್ದ ಸ್ವಿಫ್ಟ್‌ಗೆ 2022ರ ಪರೀಕ್ಷೆಯಲ್ಲಿ ಸಿಕ್ಕಿದ್ದು ಒಂದೇ. ಹಾಗಾಗಿ ನಕ್ಷತ್ರ ಎಣಿಸುವುದಕ್ಕಿಂತ, ವರದಿಯಲ್ಲಿ ಕಾರಿನ ಕವಚವನ್ನು, ಅಂದರೆ ಒಳಗೆ ಕುಳಿತವರನ್ನು ಸುತ್ತುವರಿದ ಲೋಹದ ಚೌಕಟ್ಟನ್ನು, ‘ಸ್ಥಿರ’ ಎಂದಿದ್ದಾರೋ ‘ಅಸ್ಥಿರ’ ಎಂದಿದ್ದಾರೋ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ. ಕವಚವೇ ಮಡಿಸಿಕೊಳ್ಳುವಂತಿದ್ದರೆ ಏರ್‌ಬ್ಯಾಗ್ ಎಷ್ಟಿದ್ದರೂ ಪ್ರಯೋಜನ ಕಡಿಮೆ. ಆರು ಲಕ್ಷದಲ್ಲಿ, ಒಬ್ಬರೇ ಮಾಲೀಕರ ಕೈಯಲ್ಲಿದ್ದ, ಕವಚ ಸ್ಥಿರವೆಂದು ದಾಖಲಾದ ಸಣ್ಣ ಪೆಟ್ರೋಲ್ ಕಾರು ಸ್ವಲ್ಪ ತಾಳ್ಮೆಯಿಂದ ಹುಡುಕಿದರೆ ಸಿಗುತ್ತದೆ.

ನಿಮ್ಮ ತಮ್ಮನ ವಾದದಲ್ಲಿ ಅರ್ಧ ಸತ್ಯವಿದೆ. ಎರಡು ವಾಹನಗಳು ಡಿಕ್ಕಿಯಾದಾಗ ಭಾರದ ವಾಹನದಲ್ಲಿರುವವರಿಗೆ ಪೆಟ್ಟು ಕಡಿಮೆ ಎಂಬುದು ನಿಜ. ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆಯಾದ ಐಐಎಚ್‌ಎಸ್ ಕೂಡ ಹದಿಹರೆಯದವರಿಗೆ ತೀರ ಚಿಕ್ಕ ಕಾರು ಬೇಡವೆನ್ನುತ್ತದೆ. ಅದರ ಜೊತೆಗೇ ಎಂಜಿನ್ನಿನ ಶಕ್ತಿ ಅತಿಯಾಗಿರಬಾರದು, ಇಎಸ್‌ಸಿ ಇರಲೇಬೇಕು ಎಂದೂ ಹೇಳುತ್ತದೆ. ಎತ್ತರದ ಗಾಡಿಯ ಗುರುತ್ವ ಕೇಂದ್ರ ಮೇಲಿರುವುದರಿಂದ, ವೇಗವಾಗಿ ತಿರುವಿಗೆ ನುಗ್ಗಿ ಗಾಬರಿಯಲ್ಲಿ ಸ್ಟೀರಿಂಗ್ ಎಳೆದಾಗ ಅದು ಮಗುಚುವ ಅಪಾಯ ಹೆಚ್ಚು. ಇಎಸ್‌ಸಿ ಇದ್ದರೆ, ಕಾರು ಜಾರತೊಡಗಿದ ಕೂಡಲೇ ಬೇಕಾದ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರಲು ಯತ್ನಿಸುತ್ತದೆ. ಅಮೆರಿಕದಲ್ಲಿ 2012ರ ಮಾದರಿಗಳಿಂದಲೇ ಇದು ಕಡ್ಡಾಯ. ನಮ್ಮಲ್ಲಿ ಹಲವು ಕಾರುಗಳ ಬೇಸ್ ಮಾಡೆಲ್‌ನಲ್ಲಿ ಇಲ್ಲದಿದ್ದುದು ಮೇಲಿನ ಮಾಡೆಲ್‌ನಲ್ಲಿ ಇರುತ್ತಿತ್ತು. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡ್‌ನಲ್ಲಿ ಜಾರುತ್ತಿರುವ ಕಾರಿನ ಚಿತ್ರವೊಂದು ಕ್ಷಣಕಾಲ ಬೆಳಗಿ ಆರಿದರೆ ಇಎಸ್‌ಸಿ ಇದೆ ಎಂದು ತಿಳಿಯಿರಿ. ಸನ್‌ರೂಫ್, ದೊಡ್ಡ ಟಚ್‌ಸ್ಕ್ರೀನ್‌ಗಳಿಗೆ ಕೊಡುವ ಹಣವನ್ನು ಇದಕ್ಕೆ ಕೊಡುವುದು ಮೇಲು.

ಬೇಲೂರು ರಸ್ತೆಯಲ್ಲಿ ಜೂನ್‌ನಿಂದ ಮಳೆ, ಬೆಳಗಿನ ಜಾವ ಮಂಜು, ಕೆಲವೆಡೆ ಆನೆಗಳ ಓಡಾಟ ಎಲ್ಲವೂ ಉಂಟೆಂದು ನಿಮಗೆ ಹೇಳಬೇಕಿಲ್ಲ. ತುರ್ತಾಗಿ ನಿಲ್ಲಿಸಬೇಕಾದ ಸಂದರ್ಭ ಬಂದೇ ಬರುತ್ತದೆ. ಆಗ ಪೆಡಲ್ಲನ್ನು ಪೂರ್ತಿ ತುಳಿದರೆ ಎಬಿಎಸ್ ಕೆಲಸ ಆರಂಭಿಸಿ ಪಾದದಡಿ ಪೆಡಲ್ ಗಡಗಡನೆ ಅದುರುತ್ತದೆ. ಏನೋ ಮುರಿಯಿತೆಂದು ಹೆದರಿ ಹೊಸ ಚಾಲಕರು ಕಾಲು ಎತ್ತಿಬಿಡುವುದು ಸಾಮಾನ್ಯ. ಎತ್ತಿದೊಡನೆ ಅದರ ಪ್ರಯೋಜನವೂ ಮುಗಿಯಿತು. ಎಬಿಎಸ್ ಇರುವುದು ಒದ್ದೆ ರಸ್ತೆಯಲ್ಲಿ ಕಾರು ತಕ್ಷಣ ನಿಲ್ಲಲೆಂದಲ್ಲ, ಬ್ರೇಕ್ ಒತ್ತಿದ್ದಾಗಲೂ ಸ್ಟೀರಿಂಗ್ ಮಾತು ಕೇಳಲೆಂದು. ಕಾರು ಬಂದ ಮೇಲೆ, ಮಳೆ ನಿಂತ ಒಂದು ದಿನ, ಜನರಿಲ್ಲದ ವಿಶಾಲ ಬಯಲಿನಲ್ಲಿ ಮಗಳಿಂದ ಇದನ್ನು ನಿಧಾನ ವೇಗದಲ್ಲಿ ನಾಲ್ಕಾರು ಬಾರಿ ಮಾಡಿಸಿ, ಆ ಅದುರುವಿಕೆ ಅವಳ ಕಾಲಿಗೆ ಪರಿಚಯವಾಗಲಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವ ನಮ್ಮ ಕಡೆಯ ಚಾಳಿಯನ್ನು ಮಾತ್ರ ದಯವಿಟ್ಟು ಕಲಿಸಬೇಡಿ. ಕ್ಲಚ್ ಇಲ್ಲದೆ ತಾನಾಗಿ ಗೇರ್ ಬದಲಿಸುವ ಎಎಂಟಿ ಕಾರಾದರೆ ಇಳಿಯುವಾಗ ಮ್ಯಾನುಯಲ್‌ಗೆ ಬದಲಿಸಿ ಕೆಳಗಿನ ಗೇರಿನಲ್ಲಿ ಇಳಿಸಬೇಕು.

ಹಳೆಯ ಕಾರನ್ನು ನೋಡಲು ಹೋದಾಗ ಬಣ್ಣದ ಹೊಳಪಿಗೆ ಮರುಳಾಗಬೇಡಿ. ಕೀ ಆನ್ ಮಾಡಿ ಏರ್‌ಬ್ಯಾಗ್ ದೀಪವನ್ನೇ ಗಮನಿಸಿ: ಅದು ಬೆಳಗಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಬೆಳಗುತ್ತಲೇ ಇದ್ದರೆ ದೋಷವಿದೆ. ಬೆಳಗದೇ ಇದ್ದರೆ ಹಿಂದಿನ ಅಪಘಾತದಲ್ಲಿ ಹಾರಿಹೋದ ಏರ್‌ಬ್ಯಾಗ್ ಮರಳಿ ಹಾಕದೆ ದೀಪವನ್ನೇ ಕಿತ್ತಿರುವ ಅನುಮಾನ ಪಡಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಬುಡದಲ್ಲಿ ಕೆಸರಿನ ಕಲೆಯಿದ್ದರೆ ಗಾಡಿ ನೀರಿನಲ್ಲಿ ಮುಳುಗಿತ್ತೆಂದು ಅರ್ಥ. ಬಾನೆಟ್ ಮತ್ತು ಫೆಂಡರ್‌ನ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರ್ ಹಾಕಿದ ಗುರುತಿದ್ದರೆ ಏಕೆ ಬಿಚ್ಚಿದರೆಂದು ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ; 3521 ಎಂದಿದ್ದರೆ ಅದು 2021ರ 35ನೇ ವಾರ ತಯಾರಾದ ಟೈರು. ಕಾನೂನಿನ ಪ್ರಕಾರ ಟೈರಿನ ಗೀರು 1.6 ಮಿ.ಮೀ. ಆಳವಿದ್ದರೆ ಸಾಕಾದರೂ, ಮಲೆನಾಡಿನ ಮಳೆಗೆ 3 ಮಿ.ಮೀ.ಗೆ ಇಳಿದಾಗಲೇ ಬದಲಿಸುವುದು ನನ್ನ ಸಲಹೆ. ಕೊಂಡ ತಕ್ಷಣ ನಾಲ್ಕು ಹೊಸ ಟೈರು, ಬ್ರೇಕ್ ಪ್ಯಾಡ್ ಮತ್ತು ವೈಪರ್‌ಗೆಂದು ಆರು ಲಕ್ಷದಲ್ಲೇ ಒಂದಿಷ್ಟು ತೆಗೆದಿಡಿ.

ಕೊನೆಯ ಆಯ್ಕೆಗೆ ಮೊದಲು ಮಗಳನ್ನೇ ಸೀಟಿನಲ್ಲಿ ಕೂರಿಸಿ. ಗಿಡ್ಡಗಿರುವವರು ಕ್ಲಚ್ ಎಟುಕಲೆಂದು ಸೀಟನ್ನು ಪೂರಾ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಎದೆಗೂ ಸ್ಟೀರಿಂಗ್‌ಗೂ ನಡುವೆ 25 ಸೆಂ.ಮೀ. ಅಂತರವಿರದಿದ್ದರೆ ಏರ್‌ಬ್ಯಾಗ್‌ನಿಂದಲೇ ಗಾಯವಾಗಬಹುದು. ಸೀಟಿನ ಎತ್ತರ ಮತ್ತು ಸ್ಟೀರಿಂಗನ್ನು ಹೊಂದಿಸಿಕೊಳ್ಳುವ ಸೌಲಭ್ಯ ಅವಳ ಕಾರಿನಲ್ಲಿ ಐಷಾರಾಮವಲ್ಲ. ಕಾರು ಮನೆಗೆ ಬಂದ ಮೇಲೆ ಅಂಗಡಿಯವರ ಮಾತು ಕೇಳಿ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬೇಡಿ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿದೆ, ಅದು ಏರ್‌ಬ್ಯಾಗ್ ಸೆನ್ಸರ್‌ಗಳ ಲೆಕ್ಕವನ್ನೂ ತಪ್ಪಿಸಬಲ್ಲದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ದಪ್ಪನೆಯ ಸೀಟ್ ಕವರ್ ಕೂಡ ಬೇಡ. ಮೊದಲ ಕೆಲವು ತಿಂಗಳು ಕತ್ತಲಾದ ಮೇಲಿನ ಪ್ರಯಾಣವನ್ನೂ, ಕಾರು ತುಂಬ ಗೆಳತಿಯರನ್ನು ಕೂರಿಸಿಕೊಳ್ಳುವುದನ್ನೂ ತಪ್ಪಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನನ್ನ ಮಗನಿಗೆ ಹದಿನೇಳು. ಹಾಸನ ಪಟ್ಟಣದೊಳಗೆ ಟ್ಯೂಷನ್‌ಗೆ ಹೋಗಲು ಮಾತ್ರ, ನಾನು ಪಕ್ಕದಲ್ಲಿ ಕುಳಿತು, ನಮ್ಮ ಕಾರು ಓಡಿಸಲು ಬಿಡಬಹುದೇ? ಅವನು ಚೆನ್ನಾಗಿಯೇ ಓಡಿಸುತ್ತಾನೆ.

ಉತ್ತರ: ಬಿಡಬಾರದು. ಕಾರಿನ ಕಲಿಕಾ ಲೈಸೆನ್ಸ್‌ಗೂ ಹದಿನೆಂಟು ತುಂಬಿರಬೇಕು. ಹದಿನಾರರಲ್ಲಿ ಸಿಗುವುದು 50 ಸಿಸಿ ಮೀರದ, ಗೇರಿಲ್ಲದ ದ್ವಿಚಕ್ರ ವಾಹನಕ್ಕೆ ಮಾತ್ರ. 2019ರ ತಿದ್ದುಪಡಿಯ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಮಗನಿಗೆ 25 ತುಂಬುವವರೆಗೆ ಕಲಿಕಾ ಲೈಸೆನ್ಸ್ ಕೂಡ ಇಲ್ಲ. ಅವನು ಚೆನ್ನಾಗಿ ಓಡಿಸುತ್ತಾನೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹದಿನೆಂಟಾದ ಮೇಲೆ ಕಲಿಕಾ ಲೈಸೆನ್ಸ್ ಪಡೆದು, ಮುಂದೆ ಹಿಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಅಂಟಿಸಿ ಓಡಿಸಲಿ. ಆಗ ಪಕ್ಕದಲ್ಲಿ ಕೂರುವ ನಿಮ್ಮ ಬಳಿ ಲೈಸೆನ್ಸ್ ಇರಬೇಕು, ಅಗತ್ಯಬಿದ್ದರೆ ಗಾಡಿಯನ್ನು ನಿಲ್ಲಿಸುವಂತೆಯೂ ಕುಳಿತಿರಬೇಕೆಂದು ನಿಯಮ ಹೇಳುತ್ತದೆ. ಅಷ್ಟರೊಳಗೆ ಹೊಸ ಕಾರು ಕೊಳ್ಳುವ ಆಲೋಚನೆಯಿದ್ದರೆ, ಗುಂಡಿ ಒತ್ತುವ ಪಾರ್ಕಿಂಗ್ ಬ್ರೇಕಿನ ಮಾದರಿಗಿಂತ, ಎರಡು ಸೀಟುಗಳ ನಡುವೆ ನಿಮ್ಮ ಕೈಗೂ ಎಟುಕುವ ಹ್ಯಾಂಡ್‌ಬ್ರೇಕ್ ಸನ್ನೆಯಿರುವುದನ್ನೇ ಆರಿಸಿ.