ಎರಡನೇ ಪ್ರಾಶಸ್ತ್ಯ ಬರೆದರೆ ನಮ್ಮ ಅಭ್ಯರ್ಥಿಗೆ ನಷ್ಟವೇ?

ಪ್ರಶ್ನೆ: ಸರ್, ವಿಧಾನಸಭೆ ಚುನಾವಣೆಯಲ್ಲಿ ಬಟನ್ ಒತ್ತಿ ಬರುತ್ತೇವೆ. ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರಕ್ಕೆ ಮಾತ್ರ ಮತಪತ್ರ ಕೊಟ್ಟು, ಯಾರು ಎಷ್ಟನೇ ಆಯ್ಕೆ ಎಂಬ ಪ್ರಾಶಸ್ತ್ಯವನ್ನು 1, 2, 3 ಅಂತ ಬರೆಯಿರಿ ಅನ್ನುತ್ತಾರೆ. ಹೋದ ಸಲ ಒಬ್ಬರು, ‘ನಮ್ಮವರಿಗೆ 1 ಬರೆದು ಬಂದುಬಿಡಿ, 2 ಬರೆದರೆ ಮತ ಒಡೆಯುತ್ತೆ’ ಅಂದರು. ಹಾಗೇ ಮಾಡಿದೆ. ಅದು ಸರಿಯೇ?
– ಧಾರವಾಡದ ಓದುಗರು

ಉತ್ತರ: ಸರಿಯಲ್ಲ. ನಿಮ್ಮ ಮತವೇನೂ ತಿರಸ್ಕಾರ ಆಗಿಲ್ಲ, 1 ಇದ್ದರೆ ಸಾಕು. ಆದರೆ ‘ಒಡೆಯುತ್ತೆ’ ಅನ್ನುವ ಮಾತು ಸುಳ್ಳು, ಪ್ರತಿ ಚುನಾವಣೆಯಲ್ಲೂ ಅದನ್ನು ಕೇಳಿ ನನಗೆ ಬೇಸರವಾಗಿದೆ.

ಬಟನ್ ಒತ್ತುವ ಚುನಾವಣೆಯಲ್ಲಿ ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದರೆ ಆಯಿತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು ಎಂಬ ನಿಯಮ ಅಲ್ಲಿಲ್ಲ. ಪದವೀಧರರ ಕ್ಷೇತ್ರದಲ್ಲಿ ಇದೆ. ಸಿಂಧುವಾದ ಮತಗಳ ಅರ್ಧ, ಅದರ ಮೇಲೆ ಒಂದು, ಅಷ್ಟು ಬೇಕು.

1,000 ಸಿಂಧು ಮತ ಅಂದುಕೊಳ್ಳಿ. ಗೆಲ್ಲಲು 501 ಬೇಕು. ಮೊದಲನೆಯವರಿಗೆ 420, ಎರಡನೆಯವರಿಗೆ 380, ಮೂರನೆಯವರಿಗೆ 200 ಬಂತು. ಯಾರೂ 501 ಮುಟ್ಟಲಿಲ್ಲ. ಆಗ ಕೊನೆಯಲ್ಲಿರುವ ಮೂರನೆಯವರನ್ನು ಕೈಬಿಟ್ಟು, ಅವರ 200 ಮತಪತ್ರಗಳಲ್ಲಿ 2 ಯಾರಿಗಿದೆ ಅಂತ ನೋಡುತ್ತಾರೆ. 150 ಮತ ಎರಡನೆಯವರಿಗೆ ಹೋಯಿತು, 20 ಮೊದಲನೆಯವರಿಗೆ, ಉಳಿದ 30ರಲ್ಲಿ ಬರೀ 1 ಇತ್ತು, ಅವು ಅಲ್ಲಿಗೇ ನಿಂತವು. ಎರಡನೆಯವರು 530 ಮತ ಪಡೆದು ಗೆದ್ದರು. ಬಟನ್ ಲೆಕ್ಕವಾಗಿದ್ದರೆ 420ರವರೇ ಗೆಲ್ಲುತ್ತಿದ್ದರು, ಅಲ್ವಾ?

ಇಲ್ಲಿ ಒಂದು ವಿಷಯ ಗಮನಿಸಿ. ನೀವು 1 ಕೊಟ್ಟವರು ಕಣದಲ್ಲಿ ಇರುವವರೆಗೆ ನಿಮ್ಮ 2ನ್ನು ಯಾರೂ ತೆರೆದೂ ನೋಡುವುದಿಲ್ಲ. ಅವರು ಹೊರಬಿದ್ದ ಮೇಲಷ್ಟೇ ಅದಕ್ಕೆ ಜೀವ. ಹಾಗಿರುವಾಗ ಅವರಿಗೆ ನಷ್ಟ ಎಲ್ಲಿಂದ ಬರಬೇಕು? 2 ಬರೆಯದಿದ್ದರೆ ನಷ್ಟ ನಿಮಗೇ, ಕೊನೆಯ ಇಬ್ಬರಲ್ಲಿ ಯಾರು ಬೇಕು ಅನ್ನುವಾಗ ನಿಮ್ಮ ಮಾತು ಇರುವುದಿಲ್ಲ.

ಎರಡನೇ ಪ್ರಾಶಸ್ತ್ಯ ಹೆಸರಿಗೆ ಮಾತ್ರ ಅಂತಲೂ ಅಂದುಕೊಳ್ಳಬೇಡಿ. ರಾಷ್ಟ್ರಪತಿ ಚುನಾವಣೆಗೂ ಇದೇ ಪದ್ಧತಿ. 1969ರಲ್ಲಿ ವಿ.ವಿ. ಗಿರಿ ಅವರಿಗೆ ಮೊದಲ ಸುತ್ತಿನಲ್ಲಿ ಬಂದ ಮತಮೌಲ್ಯ (ಅಲ್ಲಿ ಸಂಸದರು, ಶಾಸಕರ ಒಂದೊಂದು ಮತಕ್ಕೂ ಇಂತಿಷ್ಟು ಬೆಲೆ ಇರುತ್ತದೆ, ಅದರ ಮೊತ್ತ) 4,01,515. ಬೇಕಿದ್ದದ್ದು 4,18,169. ಕೊನೆಯಲ್ಲಿದ್ದು ಹೊರಬಿದ್ದ ಅಭ್ಯರ್ಥಿಗಳ ಮತಪತ್ರಗಳಲ್ಲಿದ್ದ ಎರಡನೇ ಪ್ರಾಶಸ್ತ್ಯ ಸೇರಿ 4,20,077 ಆದ ಮೇಲೆಯೇ ನೀಲಂ ಸಂಜೀವ ರೆಡ್ಡಿ ಅವರ ವಿರುದ್ಧ ಗೆದ್ದರು.

ಎಣಿಕೆ ತಡವಾಗುತ್ತದೆ, ನಿಜ, ರಾತ್ರಿಯಿಡೀ ನಡೆದದ್ದುಂಟು. ಆದರೂ ನನಗೆ ಈ ಪದ್ಧತಿ ಇಷ್ಟ. ಗೆಲ್ಲಲಾರರು ಅನಿಸಿದವರಿಗೂ ಧೈರ್ಯವಾಗಿ 1 ಕೊಡಬಹುದಲ್ಲ!

ನನ್ನ ಚಿಂತೆ ಬೇರೆ. ಓದಿದವರ ಮತಗಳೇ ಕುಲಗೆಡುತ್ತವೆ. ಬೂತ್‌ನಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಲ್ಲೇ ಬರೆಯಿರಿ, ಜೇಬಿನ ಪೆನ್ನು ಬೇಡ. ಟಿಕ್ ಹಾಕಬೇಡಿ. ಸಹಿ ಅಂತೂ ಬೇಡವೇ ಬೇಡ. 1ನ್ನು ಒಬ್ಬರಿಗೆ ಮಾತ್ರ ಕೊಡಿ. ಕನ್ನಡದ ೧, ೨, ೩ ಬರೆದರೂ ನಡೆಯುತ್ತದೆ, ಆದರೆ ‘ಒಂದು’, ‘ಎರಡು’ ಎಂದು ಅಕ್ಷರದಲ್ಲಿ ಬರೆಯಬೇಡಿ.